ಒಗೆಯುವ ಕಲ್ಲಿನ ಮೇಲೊಂದು ಪೈಪು

ಬಿಸಿಲಿಗೆ ಕಾದ ಕಲ್ಲಿನ ಮೇಲೆ ಸೋಪಿನ ನೀರು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಇವತ್ತು ಬೆಳಿಗ್ಗೆ ಹಿತ್ತಲಿನಿಂದ ಅದು ಬಂತು. ಒಗ್ಗರಣೆಗೆ ನಿಂತಿದ್ದವಳು ಒಲೆ ಆರಿಸಿ ಹೊರಗೆ ಬಂದೆ. ಹೊಸ ವಾಷಿಂಗ್ ಮಷಿನ್ ಜೋಡಿಸಲು ಬಂದವನು ಹಳೆಯದರಲ್ಲಿ ಉಳಿದಿದ್ದ ನೀರನ್ನು ಒಗೆಯುವ ಕಲ್ಲಿನ ಮೇಲೆ ಬಸಿಯುತ್ತಿದ್ದ. ನಮ್ಮ ಅತ್ತೆ ಬಟ್ಟೆ ಒಗೆಯಲು ನಿಂತರೆ ಇದೇ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು.

ಅತ್ತೆ ಹರಿಹರದವರು. ಸರಸ್ವತಿ ನಗರದ ಈ ಮನೆಗೆ ಬಂದು ಎಷ್ಟು ವರ್ಷವಾದರೂ ಹರಿಹರದವರೇ. ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆದು ಬೆಳೆದವರು. ನಮ್ಮ ನಲ್ಲಿಗೆ ಬರುವುದೂ ಅದೇ ತುಂಗಭದ್ರೆ ಎಂದು ತಿಳಿದ ದಿನದಿಂದ ನಲ್ಲಿಯೂ ಅವರದೇ ಆಯಿತು. ನೀರು ಬಿಟ್ಟ ದಿನ ಕೊಡ ಹಿಡಿಯುತ್ತ, “ನಮ್ಮೂರ ಹೊಳೆ ನೀರು” ಎಂದು ಅಕ್ಕಪಕ್ಕದವರಿಗೆ ಕೇಳುವಂತೆ ಹೇಳುವರು. ತವರಿನಿಂದ ನನ್ನ ತಮ್ಮ ಸೀರೆ ಕಳಿಸಿದ್ದಾನೆ ಎನ್ನುವಾಗಲೂ ಅದೇ ದನಿ. ನಾನು ಹದಡಿಯವಳು, ನನ್ನ ತವರಿನಿಂದ ಬರುತ್ತಿದ್ದುದು ಅಕ್ಕಿ, ಅಲಸಂದೆ. ಹೊಳೆಯ ಮುಂದೆ ಅವಕ್ಕೆಲ್ಲಿಯ ಮರ್ಯಾದೆ!

ಆ ನೀರನ್ನು ಅತ್ತೆ ಎಂದೂ ಚರಂಡಿಗೆ ಬಿಟ್ಟವರಲ್ಲ. ಅಕ್ಕಿ ತೊಳೆದದ್ದು ಕರಿಬೇವಿಗೆ. ಬಟ್ಟೆ ಒಗೆದದ್ದು ಕಲ್ಲಿನ ಬುಡದಿಂದ ಸಣ್ಣ ಕಾಲುವೆಯಲ್ಲಿ ಹರಿದು ಬಾಳೆಗೆ. ತವರಿನಿಂದ ಬಂದದ್ದನ್ನು ಬಿಸಾಡಿದರೆ ತವರಿಗೆ ಒಳ್ಳೆಯದಲ್ಲ ಎಂಬುದು ಅವರ ಶಾಸ್ತ್ರ.

ಹೀಗಿರುವಾಗ ಅವರ ಮಣಿಕಟ್ಟು ಊದತೊಡಗಿತು. ಚಾದರ ಹಿಂಡುವಾಗ ಅವರು ಹಲ್ಲು ಕಚ್ಚುವುದನ್ನು ನೋಡಲಾರದೆ ನಾನೂ ನಮ್ಮ ಮನೆಯವರೂ ಮಷಿನ್ ತಂದೆವು. ನೀನು ಒಗೆಯುತ್ತಿರಲಿಲ್ಲವೇ ಎಂದು ಕೇಳಬೇಡಿ. ಒಗೆಯುತ್ತಿದ್ದೆ, ನಾನು ಒಗೆದದ್ದನ್ನು ಅವರು ಮತ್ತೊಮ್ಮೆ ಒಗೆಯುತ್ತಿದ್ದರು.

ಅಂದು ಅದನ್ನು ಜೋಡಿಸಲು ಬಂದವನು ಮನೆಯೆಲ್ಲ ಸುತ್ತಿದ. ನಲ್ಲಿ, ಕರೆಂಟು, ನೀರು ಹೋಗುವ ದಾರಿ ಮೂರೂ ಸಿಗುವುದು ಹಿತ್ತಲ ಬಾಗಿಲ ಪಕ್ಕದಲ್ಲಿ ಮಾತ್ರ. ಆದರೆ ಅಲ್ಲಿಂದ ಚರಂಡಿಗೆ ಪೈಪು ಎಳೆಯಲು ಒಗೆಯುವ ಕಲ್ಲು ಅಡ್ಡ. ಅದನ್ನು ತೆಗೆಸಿಬಿಡಿ ಎಂದ.

ಅತ್ತೆ ಕೂಗಾಡಲಿಲ್ಲ. ಒಳಗೆ ಹೋಗಿ ಚೀಲಕ್ಕೆ ಸೀರೆ ತುಂಬಿ, ಮೇಲೆ ವಿಭೂತಿ ಗಟ್ಟಿ ಇಟ್ಟುಕೊಂಡು ಪಡಸಾಲೆಯಲ್ಲಿ ಕುಳಿತರು. ನಮ್ಮ ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ವಿಭೂತಿ ಚೀಲ ಸೇರಿತೆಂದರೆ ಅದು ತಮಾಷೆಯಲ್ಲ.

“ಕಲ್ಲು ತೆಗಸ್ರಿ, ನಾ ಬ್ಯಾಡ ಅನ್ನಲ್ಲ. ಆದ್ರೆ ನಮ್ಮೂರ ನೀರು ಚರಂಡಿಗೆ ಹೋಗೋದು ನಾ ನೋಡಲ್ಲ. ಹರಿಹರದಾಗ ನನ್ನ ತಮ್ಮನ ಮನೆ ಐತೆ.”

ನನಗೆ ನಿಜವಾಗಿ ಹೆದರಿಕೆಯಾಯಿತು. ಮದುವೆಯಾದಾಗಿನಿಂದ ಅವರ ಬೈಗುಳ ಕೇಳದೆ ನನಗೆ ಬೆಳಗಾದದ್ದೇ ಇಲ್ಲ. ಕಲ್ಲು ಇರಲಿ, ಪೈಪು ಬಾಳೆಗೇ ಹೋಗಲಿ ಎಂದುಬಿಟ್ಟೆ. ಹಾಗೆ ಮಾಡಿದರೆ ನಾನು ಜವಾಬ್ದಾರನಲ್ಲ ಎಂದು ಜೋಡಿಸುವವನು ಹೊರಟುಹೋದ. ನಮ್ಮ ಮನೆಯವರು ಅಂಗಿಯ ತೋಳು ಮಡಿಸಿ ಪೈಪನ್ನು ನೆಲಕ್ಕೆ ಹಾಸಿ, ತುದಿಯನ್ನು ಬಾಳೆಯ ಪಾತಿಗೆ ಬಿಟ್ಟರು.

ಮಷಿನ್ ನೀರು ಕುಡಿಯತೊಡಗಿತು. ಕುಡಿಯುತ್ತಲೇ ಇತ್ತು. ಡ್ರಮ್ಮು ತಿರುಗಲೊಲ್ಲದು. ಬಾಳೆಯ ಪಾತಿ ಕೆರೆಯಾಯಿತು, ಮೇಲಿನ ಟ್ಯಾಂಕು ಗೊರಗೊರ ಎಂದಿತು. ಪೈಪಿನ ತುದಿ ತಗ್ಗಿನಲ್ಲಿದ್ದರೆ ಒಳಗೆ ಬಂದ ನೀರೆಲ್ಲ ತಾನಾಗಿ ಹರಿದುಹೋಗುತ್ತದೆ ಎಂಬುದು ನಮಗೆ ತಿಳಿದದ್ದು ಆಮೇಲೆ. ನಲ್ಲಿಯಲ್ಲಿ ನೀರು ಮತ್ತೆ ಯಾವಾಗ ಬಿಡುವರೋ. ಮೂಗಿಗಿಂತ ಮೂಗುತಿ ಭಾರವಾಯಿತು, ವಾಪಸು ಕೊಡೋಣ ಎಂದರು ನಮ್ಮ ಮನೆಯವರು.

ಬಾಳೆಯ ಬುಡ ಕೊಚ್ಚಿಹೋಗುತ್ತದೆಂಬ ಸಿಟ್ಟಿಗೆ ಅತ್ತೆ ಚೀಲ ಬಿಟ್ಟು ಎದ್ದು ಬಂದರು. ಪೈಪನ್ನು ಹಾವಿನ ಕತ್ತು ಹಿಡಿದಂತೆ ಹಿಡಿದು, ಎತ್ತಿ, ಸೊಂಟದೆತ್ತರದ ಆ ಕಲ್ಲಿನ ಮೇಲೆ ಎಸೆದರು. ಹೊರಗೆ ಹರಿಯುತ್ತಿದ್ದ ನೀರು ನಿಂತಿತು. ಸ್ವಲ್ಪ ಹೊತ್ತಿಗೆ ಡ್ರಮ್ಮು ತಿರುಗಿತು. ಏನಾಯಿತೆಂದು ತಿಳಿಯದೆ ಮೂವರೂ ಮುಖ ಮುಖ ನೋಡಿಕೊಂಡೆವು. ಒಗೆತ ಮುಗಿದು ನೊರೆನೀರು ಕಲ್ಲಿನ ಮೇಲೆ ಸುರಿಯಿತು, ಹಳೆಯ ಕಾಲುವೆ ಹಿಡಿದು ಬಾಳೆಗೆ ಹೋಯಿತು.

“ನೋಡವಾ, ಅದಕ್ಕೂ ಕಲ್ಲೇ ಬೇಕಾತು,” ಎಂದರು ಅತ್ತೆ.

ಸಂಜೆಗೆ ವಿಭೂತಿ ದೇವರ ಮನೆಗೆ ಮರಳಿತು. ಅತ್ತೆ ತಮ್ಮ ಹಳೆಯ ಸೀರೆಯ ಅಂಚು ಹರಿದು ಪೈಪನ್ನು ಕಲ್ಲಿಗೆ ಬಿಗಿದು ಕಟ್ಟಿದರು. ಆಮೇಲೂ ಮಷಿನ್ ಒಗೆದದ್ದನ್ನು ಮೂಸಿ ನೋಡಿ, ಅಂಗಿಯ ಕಾಲರನ್ನು ಕಲ್ಲಿನ ಮೇಲೆ ಮತ್ತೊಮ್ಮೆ ಉಜ್ಜುವುದು ತಪ್ಪಲಿಲ್ಲ. ಮಷಿನ್ನಿಗೂ ನನಗೂ ಒಂದೇ ಗತಿ.

ಅತ್ತೆ ಹೋದ ವರ್ಷ ತೀರಿಕೊಂಡರು. ಅವರ ಹಿಂದೆಯೇ ಆ ಮಷಿನ್ನೂ ಕೆಟ್ಟಿತು.

ಇವತ್ತು ಬಂದವನು ಹಳೆಯ ನೀರು ಬಸಿದು ಮುಗಿಸಿ, ಕಲ್ಲಿನ ಮೇಲೆ ಕೈಯಿಟ್ಟು, “ಅಕ್ಕಾರೆ, ಇದನ್ನ ತೆಗಸಿಬಿಡ್ರಿ. ಪೈಪು ಸೀದಾ ಚರಂಡಿಗೆ ಬಿಡಬೋದು. ಈಗ ಯಾರು ಒಗೀತಾರೆ ಇದರ ಮ್ಯಾಲೆ?” ಎಂದ.

ಯಾರೂ ಒಗೆಯುವುದಿಲ್ಲ, ನಿಜ. ಆ ಜಾಗದಲ್ಲಿ ಬೈಕು ನಿಲ್ಲಿಸಬಹುದು ಎಂದು ನಮ್ಮ ಮನೆಯವರು ನಿನ್ನೆ ಅಂದಾಗ ನಾನೂ ಹೂಂ ಅಂದಿದ್ದೆ. ಆದರೆ ಅವನು ಸೀರೆಯಂಚಿನ ಗಂಟಿಗೆ ಕೈ ಹಾಕಿದ. ಒದ್ದೆ ಕಲ್ಲಿನ ವಾಸನೆ ಇನ್ನೂ ಆಡುತ್ತಿತ್ತು. ಅತ್ತೆ ಬೇಕು ಅನ್ನಿಸಿತು. ನಾನು ಹದಡಿಯವಳು ಎನ್ನುವುದೂ ಮರೆತುಹೋಯಿತು.

“ಬ್ಯಾಡಪ್ಪ,” ಎಂದೆ, ಅಕ್ಕಪಕ್ಕದವರಿಗೆ ಕೇಳುವಂತೆ. “ಪೈಪು ಕಲ್ಲಿನ ಮ್ಯಾಲೇ ಇರ್ಲಿ. ಅದು ನಮ್ಮೂರ ಹೊಳೆ ನೀರು.”