ಮೂರನೇ ಕೂಗು

ನಮ್ಮ ಕಡೆ ರಾತ್ರಿ ಹೊತ್ತು ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರನೇ ಸಲದವರೆಗೂ ಯಾರೂ ಓಗೊಡುವುದಿಲ್ಲ. ದೆವ್ವ ಎರಡೇ ಸಲ ಕೂಗುತ್ತದಂತೆ, ಮೂರನೆಯದು ಮನುಷ್ಯರದಂತೆ. ಇದು ನಿಮಗೆ ಗೊತ್ತಿರುವುದೇ. ಮೊಬೈಲು ಹಿಡಿದು ಓಡಾಡುವ ನೀವೂ ಇದನ್ನು ಬಿಟ್ಟಿಲ್ಲ.

ಶೆಟ್ಟಿಕೆರೆ ಮಗ್ಗುಲಿನ ಊರೊಂದರಲ್ಲಿ ಶಾಲೆಯ ಬಿಸಿಯೂಟ ಬೇಯಿಸುವ ಧನಲಕ್ಷ್ಮಿಗೂ ಗೊತ್ತಿತ್ತು. ನಲವತ್ತೇಳರ ಹೆಂಗಸು. ಮಕ್ಕಳಿಲ್ಲ, ಗಂಡ ತೀರಿಕೊಂಡು ಆರು ವರ್ಷ. ಹಿತ್ತಲ ಮರಗಳ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿಯಾಗುವುದನ್ನು ವರ್ಷವಿಡೀ ಕಾಯುತ್ತಿದ್ದಳು. ಇಲಿ ಹಾಯ್ದರೆ ಸಾಕು, ಒಣಗಿದ ಕಾಯಿ ಉರುಳಿ ಒಳಗಿನ ಕೊಬ್ಬರಿ ಲೊಡಲೊಡ ಅನ್ನುತ್ತಿತ್ತು. ಮನೆಯಲ್ಲಿ ಇನ್ನೊಬ್ಬರು ಮಗ್ಗುಲು ಬದಲಿಸಿದ ಹಾಗೆ. ಅದನ್ನು ಕೇಳುತ್ತಲೇ ಅವಳಿಗೆ ನಿದ್ದೆ ಹತ್ತುತ್ತಿತ್ತು.

ಹೋದ ಚಳಿಗಾಲದ ಒಂದು ರಾತ್ರಿ ಸದ್ದು ಬೇರೆ ಥರ ಕೇಳಿತು. ಹೆಂಚು ಸರಿಸಿ ಇಬ್ಬರು ಅಟ್ಟಕ್ಕೆ ಇಳಿದಿದ್ದರು. ಧನಲಕ್ಷ್ಮಿ ಕಿಟಕಿಗೆ ಬಾಯಿಟ್ಟು ಎದುರು ಮನೆಯವನನ್ನು ಕೂಗಿದಳು: "ವಸಂತಾ!" ಮತ್ತೆ, "ಲೋ ವಸಂತಾ!" ಮೂರನೆಯದಕ್ಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಬಂದ ಕೈಯೊಂದು ಬಾಯಿ ಮುಚ್ಚಿತು. ಬೀಡಿ ನಾರುವ ಕೈ. ಕಾಯಿಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗುವವರೆಗೂ ಅದು ಸಡಿಲವಾಗಲಿಲ್ಲ.

ಬೆಳಿಗ್ಗೆ ಊರೆಲ್ಲ ಅಂಗಳದಲ್ಲಿ ನೆರೆಯಿತು. ವಸಂತ ತಲೆ ಕೆರೆದುಕೊಂಡ.

"ಕೇಳಿಸ್ತು ಕಣಕ್ಕಾ. ಎದ್ದು ಕೂತ್ಕಂಡು ಎಣಿಸ್ತಾನೇ ಇದ್ದೆ. ನೀನು ಎರಡಕ್ಕೇ ನಿಲ್ಲಿಸ್ಬುಟ್ಟೆ."

"ಕಳ್ಳಂಗೆ ಹೇಳ್ಬೇಕಿತ್ತು ಕಣಪ್ಪ, ಇನ್ನೊಂದ್ಸಲ ಕೂಗ್ಕಂಬುಡ್ತೀನಿ, ತಡಿ ಅಂತ."

ಸುತ್ತ ನಿಂತವರು ನಕ್ಕರು. ಅವಳು ನಗಲಿಲ್ಲ.

ಆಮೇಲೆ ಊರು ಎಚ್ಚೆತ್ತಿತು. ಅಂದರೆ ಒಬ್ಬೊಬ್ಬರೂ ತಂತಮ್ಮ ಮನೆಗೆ ಎಚ್ಚೆತ್ತರು. ವಸಂತ ಕ್ಯಾಮೆರಾ ಹಾಕಿಸಿದ. ಅದರ ಕಣ್ಣು ಅವನ ಬೈಕಿನ ಮೇಲೆ. ಧನಲಕ್ಷ್ಮಿ ಬಾಗಿಲಿಗೆ ಕಬ್ಬಿಣದ ಅಗಳಿ, ಹೆಂಚಿನಡಿ ತಂತಿ ಜಾಲರಿ ಹಾಕಿಸಿ, ದಿಂಬಿನ ಪಕ್ಕ ಮಚ್ಚು ಇಟ್ಟುಕೊಂಡಳು. ಎಲ್ಲ ಭದ್ರವಾಯಿತು, ನಿದ್ದೆ ಮಾತ್ರ ಬರಲಿಲ್ಲ. ಖಾಲಿ ಅಟ್ಟದಲ್ಲಿ ಇಲಿ ಓಡಿದರೂ ಏನೂ ಉರುಳುತ್ತಿರಲಿಲ್ಲ. ಆ ಸದ್ದು ಇಲ್ಲದಿರುವುದೇ ಅವಳನ್ನು ಎಬ್ಬಿಸಿ ಕೂರಿಸುತ್ತಿತ್ತು. ಕಳ್ಳರು ಮತ್ತೆ ಬರುತ್ತಾರೆಂಬ ಹೆದರಿಕೆಯಲ್ಲ ಅವಳದು. ಕೂಗಿದರೆ ಯಾರಾದರೂ ಬರುತ್ತಾರಾ? ಅಷ್ಟು ಗೊತ್ತಾಗಬೇಕಿತ್ತು.

ಒಂದು ರಾತ್ರಿ ತಡೆಯಲಾಗದೆ ಕಿಟಕಿ ತೆರೆದಳು.

"ವಸಂತಾ!"

ಎದುರು ಮನೆಯಲ್ಲಿ ದೀಪ ಹತ್ತಿತು. ಕಿಟಕಿಯಲ್ಲಿ ಒಂದು ನೆರಳು ಬಂದು ನಿಂತಿತು. ಅವನು ಎರಡನೆಯದಕ್ಕೆ ಕಾಯುತ್ತಿದ್ದ. ಅವಳು ಅವನ ಬಾಗಿಲು ತೆರೆಯುವುದಕ್ಕೆ ಕಾಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ದೀಪ ಆರಿತು.

ಬೆಳಿಗ್ಗೆ ನಲ್ಲಿ ಹತ್ತಿರ ಸಿಕ್ಕಿದ ವಸಂತ ದನಿ ತಗ್ಗಿಸಿದ. "ರಾತ್ರಿ ಏನೋ ನನ್ನ ಹೆಸರಿಡಿದು ಕೂಗ್ತು ಕಣಕ್ಕಾ, ಥೇಟ್ ನಿನ್ ದನಿ. ಒಂದೇ ಸಲ. ಸದ್ಯ, ನಾನು ಓಗೊಡ್ಲಿಲ್ಲ."

ನಾನೇ ಕಣಪ್ಪ ಎಂಬ ಮಾತು ಅವಳ ಬಾಯಿಗೆ ಬಂದಿತ್ತು.

"ಒಳ್ಳೇದಾಯ್ತು ಬುಡು" ಎಂದು ಬಿಂದಿಗೆ ಎತ್ತಿಕೊಂಡಳು.

ಆ ರಾತ್ರಿಯಿಂದ ಅವಳು ಯಾರನ್ನೂ ಕೂಗಿಲ್ಲ. ನಿಮ್ಮ ಎದುರು ಮನೆಯಲ್ಲೂ ಅಂಥವಳೊಬ್ಬಳು ಎಚ್ಚರವಾಗಿ ಕೂತಿದ್ದಾಳು. ಎಣಿಸುವುದನ್ನು ಬಿಡಿ. ದೆವ್ವವಾದರೆ ದೆವ್ವವೇ ಆಗಲಿ, ಮೊದಲನೇ ಕೂಗಿಗೇ ಎದ್ದು ಬಾಗಿಲು ತೆಗೆಯಿರಿ.