ಇಳಿಜಾರು ಮೇಷ್ಟ್ರು
ಸ್ವಂತ ಕೈಯಿಂದ ಮನೆ ಕಟ್ಟುತ್ತಿರುವ ನಿವೃತ್ತ ಗಣಿತದ ಮೇಷ್ಟ್ರಿಗೆ ಬೀದಿಯವರು ಇಟ್ಟ ಹೆಸರು ಇಳಿಜಾರು ಮೇಷ್ಟ್ರು. ಗೋಡೆ ಎದ್ದು ಎರಡು ವರ್ಷವಾದರೂ ಕೊಳಚೆ ನೀರಿನ ಪೈಪು ಮಾತ್ರ ಮುಗಿದಿಲ್ಲ. "ಇಳಿಜಾರು ಕಮ್ಮಿಯಾದ್ರೆ ಕಟ್ಕೊಳ್ಳುತ್ತೆ, ಜಾಸ್ತಿಯಾದ್ರೆ ನೀರು ಓಡಿಹೋಗಿ ಹೊಲಸು ಹಿಂದೆ ಉಳಿಯುತ್ತೆ" ಎಂದು ಹೋಗಿಬರುವವರಿಗೆಲ್ಲ ಪಾಠ. ಅಂಗಡಿಯಲ್ಲಿ ಪ್ರತಿ ಪೈಪನ್ನೂ ಬೆರಳ ಗೆಣ್ಣಿನಿಂದ ಬಡಿದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕುತ್ತಾರೆ; "ಮಗಳಿಗೆ ಗಂಡು ಹುಡುಕೋರೂ ಇಷ್ಟು ನೋಡಲ್ಲ ಸಾರ್" ಎಂದು ಅಂಗಡಿಯವನು ಗೊಣಗುತ್ತಾನೆ. ತುದಿ ಉಜ್ಜಿ, ಒರೆಸಿ, ಅಂಟು ಸವರಿ, ಕಾಲು ಸುತ್ತು ತಿರುಗಿಸಿ ಕೂಡಿಸಿದ ಮೇಲೆ ನೂರು ಎಣಿಸುವವರೆಗೂ ಕೈ ಬಿಡುವುದಿಲ್ಲ. ಮರುದಿನ ನೀರು ಸುರಿದು, ಜೋಡಣೆಯ ಕೆಳಗೆ ಕಾಗದ ಹಾಸಿ ಕಾಯುತ್ತಾರೆ. ಕಾಗದ ಒಣಗಿಯೇ ಇದ್ದರೂ ಅನುಮಾನ ಹೋಗದೆ, ಗರಗಸ ತಂದು ಕತ್ತರಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಬೀದಿಯೆಲ್ಲ ನಕ್ಕರೂ ಹೆಂಡತಿ ನಗುವುದಿಲ್ಲ. ಹಿಂದೆ ಬಾಡಿಗೆ ಮನೆಯಲ್ಲಿ ಮೇಷ್ಟ್ರೇ ಅವಸರದಲ್ಲಿ ಕೂಡಿಸಿದ ಪೈಪು ಸೋರಿ, ಹೊಲಸು ಕುಡಿಯುವ ನೀರಿನ ತೊಟ್ಟಿಗೆ ಇಳಿದಿತ್ತು. ಆರು ವರ್ಷದ ಮಗಳು ವಾಂತಿಭೇದಿಯಿಂದ ನಾಲ್ಕೇ ದಿನದಲ್ಲಿ ತೀರಿಕೊಂಡಿದ್ದಳು. ಮೊನ್ನೆ ಮೇಷ್ಟ್ರು ಮತ್ತೆ ಗರಗಸ ಎತ್ತಿದಾಗ ಆಕೆ ಪಕ್ಕದಲ್ಲಿ ಬಂದು ಕೂತು, "ಸಾಕು ಬಿಡಿ, ಇದು ಸೋರಲ್ಲ" ಎಂದರು. "ಅವತ್ತು ನಾನೂ ನಿಂಗೆ ಹಾಗೇ ಹೇಳಿದ್ದೆ" ಎಂದ ಮೇಷ್ಟ್ರು, ತಲೆಯೆತ್ತದೆ ಕತ್ತರಿಸತೊಡಗಿದರು.