ಮುದುಕಮ್ಮನ ಹೆಸರಿದ್ದ ಕೊನೆಯ ನುಡಿ

ಬುಕ್ಕಸಾಗರದ ಜಂಬವ್ವನಿಗೆ ಸಿಟ್ಟು ಬಂದರೆ ರೇಡಿಯೋ ಬೇಕಾಗಿಲ್ಲ, ಕಂಪ್ಲಿಯವರೆಗೂ ಕೇಳುತ್ತದೆ. ೨೦೦೮ರಲ್ಲಿ ಆ ಸಿಟ್ಟು ಆಟೋ ಹತ್ತಿ ಹೊಸಪೇಟೆಯ ನಮ್ಮ ರೇಡಿಯೋ ಸ್ಟುಡಿಯೋಗೇ ಬಂದಿಳಿಯಿತು, ಬೀಸುವ ಕಲ್ಲಿನ ಸಮೇತ.

"ಸ್ಫೂರ್ತಿ ಅನ್ನಾಕಿ ಯಾರು? ನಮ್ಮವ್ವನ ಹೆಸರಿಗೆ ಕತ್ರಿ ಹಾಕಿದಾಕಿ ನೀನೇ ಏನು?"

ನಾನೇ. ಅವಳ ಮನೆಗೇ ಹೋಗಿ ಬೀಸುವ ಪದ ರೆಕಾರ್ಡ್ ಮಾಡಿ ತಂದಿದ್ದೆ. ವಾರ್ತೆಗೆ ಮುಂಚೆ ಮುಗಿಯಲಿ ಎಂದು ಕಂಪ್ಯೂಟರಿನಲ್ಲಿ ಅದರ ಕೊನೆ ಕತ್ತರಿಸಿದೆ. ಕತ್ತರಿಸಿದ್ದನ್ನು ಅಳಿಸಿಯೂ ಬಿಟ್ಟೆ, ದಡ್ಡಿ! ಹಾಡು ಕಲಿಸಿದವಳ ಹೆಸರು ಕೊನೆಯ ನುಡಿಯಲ್ಲಿ ಬರಬೇಕು, ಬರುವ ತನಕ ಕಲ್ಲು ನಿಲ್ಲಿಸಬಾರದು ಎನ್ನುವುದು ಅವರ ಮನೆಯ ರೂಢಿ. ಕಲಿಸಿದವಳು ತಾಯಿ ಮುದುಕಮ್ಮ. ಆಕೆಯದೊಂದು ಫೋಟೋ ಕೂಡ ಇಲ್ಲ, ಉಳಿದದ್ದು ಆ ನುಡಿ ಮಾತ್ರ.

ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಎಫ್‌ಎಂ ಇರುವ ಚೈನಾ ಮೊಬೈಲಿನಲ್ಲಿ, ಪ್ರಸಾರವಾಗುವಾಗಲೇ ಆ ಹಾಡು ರೆಕಾರ್ಡ್ ಮಾಡಿಕೊಂಡು ಬ್ಲೂಟೂತ್‌ನಲ್ಲಿ ಹಂಚಿದ್ದ. ಸಂಡೂರಿನ ಅದಿರು ಲಾರಿಗಳಲ್ಲೆಲ್ಲ ಅದೇ ಮೊಟಕು ಹಾಡು. ಯಾರು ಹಾಡಿದ್ದು, ಮತ್ತೆ ಹಾಕಿ ಎಂದು ಡ್ರೈವರುಗಳ ಮೆಸೇಜಿಗೆ ಲೆಕ್ಕವಿಲ್ಲ. ಹಳ್ಳಿ ಹಾಡು ಈಗ ಯಾರು ಕೇಳ್ತಾರೆ ಎಂದು ಮೂಗು ಮುರಿಯುತ್ತಿದ್ದವರ ಮುಖಕ್ಕೆ ಆ ಮೆಸೇಜುಗಳನ್ನು ಹಿಡಿಯಬೇಕೆನಿಸಿತ್ತು. ಈಗ ನನ್ನ ಮುಖವನ್ನೇ ಎಲ್ಲಿಡಲಿ?

"ತಪ್ಪಾಯ್ತವ್ವ. ಇನ್ನೊಮ್ಮೆ ಹಾಡ್ರಿ, ಪೂರ್ತಿ ಹಾಕ್ತೀನಿ."

"ಹಾಕದಿದ್ರ ಈ ಕಲ್ಲು ನಿನ್ನ ಮಶೀನ್ ಮ್ಯಾಲೆ ಬೀಳ್ತೈತಿ, ನೋಡು!"

ರೆಕಾರ್ಡಿಂಗ್ ಮಾಡುವ ನಮ್ಮ ಈಶ್ವರ್, "ಕಲ್ಲಿನ ಗರಗರ ಬ್ಯಾಡ್ರಿ, ಬರೇ ದನಿ ಸಾಕು" ಅಂದ. ನನಗೆ ಮೈಯೆಲ್ಲ ಉರಿಯಿತು. ಒಮ್ಮೆ ಕತ್ತರಿಸಿದ್ದು ಸಾಲದೇ? ಕಲ್ಲೂ ತಿರುಗಿತು, ಜೋಳವೂ ಬಿತ್ತು, ಸ್ಟುಡಿಯೋ ತುಂಬ ಹಿಟ್ಟು.

ಹಾಕುವ ಮುಂಚೆ ಮೈಕಿನಲ್ಲಿ ಹೇಳಿದೆ: "ಲಾರಿ ಅಣ್ಣಂದಿರೇ, ನಿಮ್ಮಲ್ಲಿರುವ ಹಾಡು ಅರ್ಧದ್ದು, ತಪ್ಪು ನನ್ನದು. ಅದನ್ನು ಅಳಿಸಿ, ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ. ಇದು ಪೂರ್ತಿ. ಹಾಡಿದವರು ಬುಕ್ಕಸಾಗರದ ಜಂಬವ್ವ."

ಎಂಟು ದಿನ ಬಿಟ್ಟು ಸ್ಟುಡಿಯೋದಲ್ಲೇ ಉಳಿದಿದ್ದ ಕಲ್ಲು ಮರಳಿಸಲು ಬುಕ್ಕಸಾಗರಕ್ಕೆ ಹೋದಾಗ ಜಂಬವ್ವ ನಡುರಸ್ತೆಯಲ್ಲಿ ನಿಂತಿದ್ದಳು. ಎದುರಿಗೆ ಅದಿರು ಲಾರಿ, ಅದರೊಳಗೆ ಅವಳದೇ ಹಾಡು. ಡ್ರೈವರ್ ಕಾಳಪ್ಪ ಕೈ ಮುಗಿಯುತ್ತಿದ್ದ.

"ಯವ್ವಾ, ಸರೀರಿ. ಹಿಂದ ಹತ್ತು ಗಾಡಿ ನಿಂತಾವ."

"ನಿಲ್ಲಲಿ. ನಿನ್ನಲ್ಲಿರೋದು ಅರ್ಧದ್ದೋ ಪೂರ್ತಿದೋ, ನೋಡೇ ಬಿಡ್ತೀನಿ."

ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಜಂಬವ್ವ ತಿರುಗಿ ಕೂಗಿದಳು: "ಬಾಯಿ ಮುಚ್ಚ್ರಲೇ! ನಮ್ಮವ್ವ ಬರೋ ಹೊತ್ತಾತು!"

ಮುದುಕಮ್ಮನ ಹೆಸರು ಕೇಳಿಸಿದ ಮೇಲೆಯೇ ಅವಳು ದಾರಿ ಬಿಟ್ಟದ್ದು.